ಸೀಲ್ ಬೇಕು, ಕೆಲಸ ಬೇಡ!

ಸ್ನೇಹಿತರೇ, ಸೌದಿಯ ರಾಬಿಗ್‌ನ ನಮ್ಮ ಚೀನಾ ಕಂಪನಿಯ ಆಫೀಸಿನಲ್ಲಿ ಇವತ್ತು ಜಟಾಪಟಿ. ಇಲ್ಲಿ ತರಬೇತಿ ಮುಗಿಸಿದ ಚೀನೀ ವಿದ್ಯಾರ್ಥಿ ಲಿಯುವಿನ ಉದ್ಯೋಗ ಒಪ್ಪಂದಕ್ಕೆ ನಾನು ಸೀಲ್ ಒತ್ತಬೇಕಂತೆ. ಆದರೆ ಅವನಿಗೆ ಕೆಲಸ ಕೊಡುವುದಿಲ್ಲವಂತೆ!

"ಕಲಿತ ಎಲ್ಲರಿಗೂ ಕೆಲಸ ಸಿಕ್ಕಿದೆ ಅಂತ ಅವನ ಯೂನಿವರ್ಸಿಟಿಗೆ ತೋರಿಸ್ಲಿಕ್ಕುಂಟು. ಒತ್ತು ಮಾರಾಯ, ನಿಂಗೆಂತ?" ಎಂದರು ಮ್ಯಾನೇಜರ್ ಅಶ್ರಫಾಕ.

"ಸೀಲ್ ಇಲ್ಲದಿದ್ದರೆ ಡಿಗ್ರಿ ಕೊಡುವುದಿಲ್ಲ" ಎಂದು ಲಿಯು ತಲೆ ತಗ್ಗಿಸಿದ.

ಕೆಲಸಕ್ಕೆ ಸೇರುವ ದಿನದ ಜಾಗ ಖಾಲಿಯಿತ್ತು. ಇಲ್ಲಿ ವಾರದ ಕೆಲಸ ಶುರುವಾಗುವುದೇ ಭಾನುವಾರ; 'ಬರುವ ಭಾನುವಾರ' ಎಂದು ಬರೆದು, ಸೀಲ್ ಒತ್ತಿ, ಲಿಯುವಿನ ಕೈಗೇ ಕೊಟ್ಟೆ.

"ಎಂತ ಮಾಡಿದೆ ನೀನು? ಅವ ನಿಜವಾಗ್ಲೂ ಬಂದ್ರೆ?"

"ಬರ್ಲಿ ಅಶ್ರಫಾಕ, ಇಲ್ಲಿ ಇರ್ಲಿಕ್ಕೆ ಪರವಾನಗಿ, ಇಕಾಮಾ ಮಾಡಿಸುವ. ಸೀಲ್ ಅಂತೂ ನಾನು ಅಳಿಸುವುದಿಲ್ಲ."

ಸುಳ್ಳು ಒಪ್ಪಂದಕ್ಕೆ ಹೆದರದ ಅಶ್ರಫಾಕ, ಅದೀಗ ನಿಜವಾದೀತೆಂದು ಎಸಿಯ ಕೆಳಗೇ ಕೂತು ಬೆವರುತ್ತಿದ್ದಾರೆ.