ಅಕ್ಕನ ಪಾಲಿನ ಸಜ್ಜಕ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಗೋಧಿಗೆ ಇದ್ದ ಮರ್ಯಾದೆ ನನಗೂ ಇರಲಿಲ್ಲ. ಉಪ್ಪಿನಬೆಟಗೇರಿಯ ಒಕ್ಕಲುತನದ ಮನೆ ನಮ್ಮದು. ದಿನದ ಊಟಕ್ಕೆ ಜೋಳದ ರೊಟ್ಟಿ, ಹಬ್ಬಕ್ಕೆ ಗೋಧಿ. ಅವ್ವ ಗೋಧಿಯಲ್ಲಿ ಬೇವಿನ ಎಲೆ ಬೆರೆಸಿ ಒಳಕೋಣೆಯ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದಳು. ಹೋಳಿಗೆಗೋ, ಹುಗ್ಗಿಗೋ, ಬೀಗರು ಬಂದರೆ ಚಪಾತಿಗೋ ಅದು ಹೊರಗೆ ಬರುತ್ತಿತ್ತು. ಮನೆಯಲ್ಲಿ ಯಾರಾದರೂ ಜಡ್ಡು ಬಿದ್ದರೂ ಬರುತ್ತಿತ್ತು. ರೊಟ್ಟಿ ಒರಟು, ಜಡ್ಡಾದವರಿಗೆ ಪಚನವಾಗುವುದಿಲ್ಲ, ಮೈ ಹಿಡಿಯಬೇಕಾದರೆ ಸಜ್ಜಕವೇ ಆಗಬೇಕು ಎಂದು ಊರಿಗೆ ಊರೇ ನಂಬಿತ್ತು.

ಹೆಸರು ಕೇಳಿ ಸಜ್ಜೆಯಿಂದ ಮಾಡಿದ್ದು ಅಂದುಕೊಳ್ಳಬೇಡಿ. ಸಜ್ಜಕ ಗೋಧಿಯದು. ರವೆಯನ್ನು ತುಪ್ಪದಲ್ಲಿ ಹುರಿದು, ಬೆಲ್ಲದ ನೀರು ಹಾಕಿ ಕುದಿಸಿ, ಮೇಲೆ ಬಿಸಿ ಹಾಲು ಸುರಿದರೆ ಆಯಿತು. ಆ ವಾಸನೆ ಓಣಿಯ ತುದಿಯವರೆಗೆ ಹೋಗುತ್ತಿತ್ತು. ನಿಮಗೀಗ ಹೇಳಹೊರಟ ದಿನ ನೆನಪಾದರೆ ಇವತ್ತಿಗೂ ನನಗೆ ಊಟ ಸೇರುವುದಿಲ್ಲ. ಆದರೂ ಹೇಳುತ್ತೇನೆ, ಕೇಳಿ ಮಕ್ಕಳೇ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಹೋಳಿಗೆ ಉಂಡ ಮರುದಿನ ಅವಳು ಹೊಟ್ಟೆ ಹಿಡಿದುಕೊಂಡು ಮಲಗುತ್ತಿದ್ದಳು. "ಹಬ್ಬ ಅಂತ ಹೊಟ್ಟಿ ಬಿರಿಯೂ ಹಂಗ ತಿಂದ್ರ ಇನ್ನೇನಾಗತೈತಿ" ಎಂದು ಅವ್ವ ಗದರುತ್ತಿದ್ದಳು. ನಾನು ಎರಡನೇ ಇಯತ್ತೆಯಲ್ಲಿದ್ದ ವರ್ಷ ಮಳೆಗಾಲದಲ್ಲಿ ಅಕ್ಕನಿಗೆ ಜ್ವರ ಬಂತು. ಜ್ವರ ಬಿಟ್ಟಿತು, ನಿಶ್ಶಕ್ತಿ ಬಿಡಲಿಲ್ಲ. ಅಪ್ಪ ಧಾರವಾಡದ ಪೇಟೆಯಿಂದ ಒಂದು ಚೀಲ ಗೋಧಿ ತಂದ. ಅಂದಿನಿಂದ ಅವಳಿಗೆ ಎರಡು ಹೊತ್ತೂ ಸಜ್ಜಕ.

ತಿಂದಷ್ಟೂ ಅಕ್ಕ ಸೊರಗಿದಳು. ಕೈಕಾಲು ಕಡ್ಡಿಯಾದವು, ಹೊಟ್ಟೆ ಮಾತ್ರ ಉಬ್ಬಿತು. ದಿನಕ್ಕೆ ಆರೇಳು ಸಲ ಚರಿಗೆ ಹಿಡಿದುಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಡಾಕ್ಟರರು ಟಾನಿಕ್ಕು ಕೊಟ್ಟು, ಒಳ್ಳೆಯ ಪೌಷ್ಟಿಕ ಆಹಾರ ಹಾಕಿ ಎಂದರು. ಪೌಷ್ಟಿಕ ಅಂದರೆ ನಮ್ಮ ಮನೆಯಲ್ಲಿ ಇನ್ನೂ ಒಂದು ಹಿಡಿ ಗೋಧಿ! "ಹುಡುಗಿ ಉಳೀತಾಳೋ ಇಲ್ಲೋ, ಶಿವನೇ" ಎಂದು ಅವ್ವ ಒಲೆಯ ಮುಂದೆ ಅತ್ತದ್ದನ್ನು ನನ್ನ ಕಿವಿಯಾರೆ ಕೇಳಿದ್ದೆ.

ಇಷ್ಟು ಕೇಳಿಯೂ ನನ್ನ ಹೊಟ್ಟೆಬಾಕತನ ಎಂಥದ್ದು ನೋಡಿ. ಅವಳ ಬಟ್ಟಲನ್ನು ಕಂಡರೆ ನನಗೆ ಬಾಯಲ್ಲಿ ನೀರೂರುತ್ತಿತ್ತು. ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಒಣಗಿದ ಕಟಕ ರೊಟ್ಟಿ ಕಡಿಯುತ್ತ ಅವಳ ಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಅಕ್ಕ ಕರೆದಳು.

"ತಮ್ಮಾ, ಆ ರೊಟ್ಟಿ ನನಗ ಕೊಡ್ತೀಯೇನು? ಈ ಸಜ್ಜಕ ನೀ ತಿನ್ನು. ಇದನ್ನ ತಿಂದ್ರ ನನಗ ಹೊಟ್ಟ್ಯಾಗ ಬೆಂಕಿ ಬಿದ್ದಂಗ ಆಗತೈತಿ."

ನನಗೆ ಬೇಕಾದದ್ದೂ ಅದೇ. ಅವ್ವ ಬಟ್ಟಲು ಇಟ್ಟು ಎಮ್ಮೆಯ ಕಡೆ ಹೋದಳೆಂದರೆ ನಾನು ಕೋಣೆಗೆ ನುಗ್ಗುತ್ತಿದ್ದೆ. ಚಡ್ಡಿಯ ಕಿಸೆಯಲ್ಲಿ ರೊಟ್ಟಿಯ ಚೂರು, ಅಂಗೈಯಲ್ಲಿ ಗುರೆಳ್ಳು ಚಟ್ನಿ. ಒಂದೂವರೆ ತಿಂಗಳು ಹೀಗೇ ನಡೆಯಿತು. ನಾನು ಗುಂಡಗಾದೆ. ಅಕ್ಕನ ಹೊಟ್ಟೆ ಇಳಿಯಿತು, ಹಿತ್ತಲಿಗೆ ಓಡುವುದು ನಿಂತಿತು, ಕೆನ್ನೆಗೆ ಬಣ್ಣ ಬಂತು. ಮಾರ್ಗಶಿರದ ಹೊತ್ತಿಗೆ ಅವಳು ತಾನೇ ಎದ್ದು ಬಾಗಿಲಿಗೆ ರಂಗೋಲಿ ಹಾಕಿದಳು. "ನೋಡಿದೇನ, ಸಜ್ಜಕ ಕೈ ಹಿಡೀತು" ಎಂದು ಅಪ್ಪ ಅವ್ವನಿಗೆ ಹೇಳುವಾಗ ಅವನ ಮುಖ ಅರಳಿತ್ತು. ನಾನು ತುಟಿ ಪಿಟ್ ಎನ್ನಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಅವತ್ತು ಹೊಲದಲ್ಲೇ ಊಟ. ಭೂಮಿತಾಯಿಗೆ ಎಡೆ ಮಾಡಿ, ಎಡೆಯ ತುತ್ತುಗಳನ್ನು ಚರಗವೆಂದು ಪೈರಿನ ಮೇಲೆ ಚೆಲ್ಲಿ, ಆಮೇಲೆ ನಾವು ಉಣ್ಣುವುದು ಪದ್ಧತಿ. ಅವ್ವ ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ತಟ್ಟಿದ್ದಳು. ಎಣ್ಣೆಗಾಯಿ ಬದನೆ, ಮಡಕೆ ಕಾಳಿನ ಪಲ್ಯ, ಹಸಿ ಕಡಲೆ, ಮೂಲಂಗಿ, ಮೆಂತೆ ಸೊಪ್ಪು, ಗಟ್ಟಿ ಮೊಸರು, ಕೆಂಪು ಖಾರ ಎಲ್ಲವನ್ನೂ ಬುಟ್ಟಿಯಲ್ಲಿ ಕಟ್ಟಿಕೊಂಡು ಚಕ್ಕಡಿ ಹತ್ತಿದೆವು. ಮಳೆಗಾಲದ ನಂತರ ಅಕ್ಕ ಮನೆ ಬಿಟ್ಟು ಹೊರಗೆ ಬಂದದ್ದು ಅದೇ ಮೊದಲು. ಅವಳಿಗಾಗಿ ಬೇರೆ ಡಬ್ಬಿಯಲ್ಲಿ ಸಜ್ಜಕ ಬಂದಿತ್ತು.

ಎಲ್ಲರೂ ಉಣ್ಣಲು ಕೂತಾಗ ಅಕ್ಕ "ಬಿಸಲಾಗ ಕುಂದ್ರಾಕ ಆಗೂದಿಲ್ಲ" ಎಂದು ಡಬ್ಬಿ ಎತ್ತಿಕೊಂಡು ಬನ್ನಿ ಗಿಡದ ಹಿಂದೆ ಹೋದಳು. ಎರಡು ರೊಟ್ಟಿ, ಒಂದು ಬದನೆಕಾಯಿ ತೆಗೆದುಕೊಂಡು ನಾನೂ ಹಿಂದೆಯೇ ಹೋದೆ. ಅವಳು ಬೆರಳು ನೆಕ್ಕುತ್ತ, ಖಾರಕ್ಕೆ ಕಣ್ಣು ಒರೆಸಿಕೊಳ್ಳುತ್ತ ನಕ್ಕಳು. ನನ್ನ ಮೂತಿಗೆಲ್ಲ ಬೆಲ್ಲ ಮೆತ್ತಿತ್ತು. ಆಗಲೇ ಅಪ್ಪ ಅವಳಿಗೆ ಮೊಸರು ಕೊಡಲು ಬಂದ.

ಕಪಾಳಕ್ಕೆ ಬಿದ್ದ ಏಟಿಗೆ ಡಬ್ಬಿ ಹಾರಿ ಬದುವಿಗೆ ಬಿತ್ತು. "ಜಡ್ಡಿನಾಕಿ ಬಾಯಾಗಿನ ತುತ್ತು ಕಸಗೊಂಡು ತಿಂತೀಯಲ್ಲೋ, ನಾಚಿಕಿ ಆಗೂದಿಲ್ಲ? ಎಷ್ಟ ದಿನದಿಂದ ನಡದೈತಿ ಇದು? ಖರೇ ಹೇಳು!"

ಒಂದೂವರೆ ತಿಂಗಳು ಅಂದರೆ ಅಪ್ಪ ನನ್ನ ಚರ್ಮ ಸುಲಿಯುತ್ತಾನೆ ಅನ್ನಿಸಿತು. "ಇವತ್ತ ಒಂದ ದಿನ, ಯಪ್ಪಾ! ನಿನ್ನ ಪಾದದಾಣಿ, ಇವತ್ತ ಒಂದ ದಿನ!" ಎಂದು ಚೀರಿದೆ.

ಅಪ್ಪ ಅಕ್ಕನ ಕಡೆ ತಿರುಗಿದ. ಅಕ್ಕ ನನ್ನನ್ನು ನೋಡಿದಳು. ನನ್ನ ಕೆನ್ನೆಯ ಮೇಲೆ ಐದೂ ಬೆರಳು ಮೂಡಿದ್ದವು.

"ಹೌದಪ್ಪಾ, ಇವತ್ತ ಅಷ್ಟ. ನಾನ ಕೊಟ್ಟೇನಿ, ಅವನ್ನ ಹೊಡೀಬ್ಯಾಡ. ನನಗ ರೊಟ್ಟಿನ ಸೇರತೈತಿ, ಸಜ್ಜಕ ಒಲ್ಲೆ" ಎಂದಳು.

ಮೊದಲ ಮಾತನ್ನು ಅಪ್ಪ ನಂಬಿದ. ಕೊನೆಯ ಮಾತನ್ನು, ತಮ್ಮನನ್ನು ಉಳಿಸಲು ಹೇಳುತ್ತಿದ್ದಾಳೆ ಎಂದು ತಳ್ಳಿಹಾಕಿದ. ಹಾಗಾಗಿ ಅವಳು ಚೇತರಿಸಿಕೊಂಡದ್ದು ಸಜ್ಜಕದಿಂದಲೇ ಎಂದು ಮನೆಯಲ್ಲಿ ಎಲ್ಲರಿಗೂ ಗಟ್ಟಿಯಾಯಿತು. ಮರುದಿನದಿಂದ ಅವ್ವ ಅಕ್ಕನ ಮುಂದೆಯೇ ಕೂತು, ಬಟ್ಟಲು ಖಾಲಿಯಾಗುವವರೆಗೂ ತಾನೇ ತಿನ್ನಿಸತೊಡಗಿದಳು. "ಇನ್ನೊಂದು ತುತ್ತು, ನಮ್ಮವ್ವಲ್ಲ" ಎಂದು ರಮಿಸುತ್ತಿದ್ದಳು. ಅಷ್ಟು ಪ್ರೀತಿಯಿಂದ ತಿನ್ನಿಸಿದ್ದನ್ನು ನಾನು ಮತ್ತೆಲ್ಲೂ ನೋಡಿಲ್ಲ.

ಸಂಕ್ರಾಂತಿಗೆ ಅವಳ ಹೊಟ್ಟೆ ಮತ್ತೆ ಉಬ್ಬಿತು. ಶಿವರಾತ್ರಿಗೆ ಹಾಸಿಗೆ ಹಿಡಿದಳು. ಒಂದು ದಿನ ನಾನು ಸಾಲೆಯಿಂದ ಬಂದಾಗ ಮೆಲ್ಲಗೆ "ತಮ್ಮಾ, ಒಂದು ಚೂರು ರೊಟ್ಟಿ ಕೊಡೋ" ಎಂದಳು. ನನ್ನ ಕೈಯಲ್ಲಿ ರೊಟ್ಟಿ ಇತ್ತು. "ಒಲ್ಲೆ ಅಕ್ಕಾ, ಅಪ್ಪ ಹೊಡೀತಾನ" ಎಂದು ಓಡಿಬಿಟ್ಟೆ. ಯುಗಾದಿಗೆ ಅಕ್ಕ ಇರಲಿಲ್ಲ.

ಜಡ್ಡಿನಾಕಿಯ ತುತ್ತು ಕದ್ದು ತಿಂದು ನಾನೇ ಅಕ್ಕನನ್ನು ಕೊಂದೆ ಎಂದು ಎಷ್ಟೋ ವರ್ಷ ಒಳಗೊಳಗೇ ಬೆಂದೆ. ಅದು ಹಾಗಲ್ಲ ಎಂದು ಗೊತ್ತಾದದ್ದು ಹೋದ ವರ್ಷ, ನನ್ನ ಮೊಮ್ಮಗಳಿಂದ. ಅವಳು ನಿಮ್ಮ ಓರಗೆಯವಳೇ, ನಾವೀಗ ಇರುವುದು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ. ಅವಳದೂ ಅದೇ ಉಬ್ಬಿದ ಹೊಟ್ಟೆ, ಅದೇ ಕಡ್ಡಿ ಕೈಕಾಲು. ಡಾಕ್ಟರಮ್ಮ ಅವಳನ್ನೇ ಎದುರಿಗೆ ಕೂರಿಸಿಕೊಂಡು "ಏನ ತಿಂದ್ರ ನೋವಾಗತೈತಿ, ನೀನ ಹೇಳು" ಎಂದು ಕೇಳಿದರು. ಅವಳು ಹೇಳಿದ್ದನ್ನೆಲ್ಲ ಬರೆದುಕೊಂಡರು, ರಕ್ತ ತಪಾಸಣೆ ಮಾಡಿಸಿದರು. ಗೋಧಿಯೊಳಗಿನ ಅಂಟು ಕೆಲವರ ಕರುಳಿಗೆ ವಿಷವಂತೆ. ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಅವರು ಕೇಳಿದಾಗ ನಾನು ಅಕ್ಕನ ಉಬ್ಬಿದ ಹೊಟ್ಟೆ, ಸಜ್ಜಕದ ಬಟ್ಟಲು ಎಲ್ಲವನ್ನೂ ಹೇಳಿದೆ.

ಈಗ ನಮ್ಮ ಮನೆಯಲ್ಲಿ ಗೋಧಿಯೇ ಇಲ್ಲ. ಊರ ಗಿರಣಿಯಲ್ಲಿ ಗೋಧಿಯ ಹಿಟ್ಟು ಬೆರೆಯುತ್ತದೆಂದು ಸೊಸೆ ಸಣ್ಣ ಗಿರಣಿಯನ್ನು ಮನೆಗೇ ತಂದಿದ್ದಾಳೆ. ಇಂಗಿನಲ್ಲೂ ಗೋಧಿ ಹಿಟ್ಟು ಇರುತ್ತದೆಂದು ಡಬ್ಬಿಯ ಮೇಲಿನ ಅಕ್ಷರ ಓದದೆ ಕೊಳ್ಳುವುದಿಲ್ಲ. ಬೇಸಿಗೆಗೆ ಜೋಳದ ನುಚ್ಚು ಮಜ್ಜಿಗೆ, ಮಳೆಗಾಲಕ್ಕೆ ಬಿಸಿ ಅಕ್ಕಿ ರೊಟ್ಟಿ, ಚಳಿಗೆ ಸಜ್ಜೆ. ಮೊಮ್ಮಗಳ ಕೆನ್ನೆ ತುಂಬಿದೆ. ಗೆಳತಿಯರ ಹುಟ್ಟುಹಬ್ಬದ ಕೇಕಿಗೆ ಮಾತ್ರ ಇನ್ನೂ ಅಳುತ್ತಾಳೆ.

ಈ ಕತೆ ಹೇಳಿದ ದಿನ ಮೊಮ್ಮಗಳು ಕೇಳಿದಳು, "ಅಜ್ಜಾ, ಅವತ್ತ ಹೊಲದಾಗ ನೀ ಖರೇ ಹೇಳಿದ್ದರ ನಿಮ್ಮಕ್ಕ ಬದುಕತಿದ್ದಳೇನು?"

ಗೊತ್ತಿಲ್ಲ ಎಂದು ತಪ್ಪಿಸಿಕೊಳ್ಳಬಹುದಿತ್ತು. ಡಾಕ್ಟರಮ್ಮನೂ ಈಗ ಏನೂ ಹೇಳಲಾಗದು ಎಂದೇ ಅಂದಿದ್ದರು. ಆದರೆ ಸುಳ್ಳು ಹೇಳಿದ್ದು ಒಂದು ಸಲ ಸಾಕು.

"ಬದುಕತಿದ್ದಳು ಅನಸತೈತಿ, ಕೂಸ" ಎಂದೆ.