ಪದ್ಮಾ ಆಂಟಿಯ ಹೆಸರಿಗೆ ಬಂದ ಕಾಗದಗಳು

ನಾನು ನಿಂತದ್ದು ಸಮುದ್ರದ ದಂಡೆಯ ಆ ಮನೆಯ ಎದುರಿನ ಕಾಲುದಾರಿಯ ಮೇಲೆ, ಬೆಳಕಿನ ಕಂಬಕ್ಕೂ ಪಕ್ಕದ ಮನೆಯ ಡೊನ್ನಾಳ ಬೇಲಿಗೂ ನಡುವೆ, ಮೆಟ್ಟಿಲಿನಿಂದ ಹೆಚ್ಚೆಂದರೆ ಹದಿನೈದು ಹೆಜ್ಜೆ ದೂರದಲ್ಲಿ. ಡಿಸೆಂಬರ್ ತಿಂಗಳ ಎರಡನೆಯ ಗುರುವಾರ. ಬೆಳಗಿನ ಹತ್ತು ಗಂಟೆಗೆ ಐದು ನಿಮಿಷವಿತ್ತು. ಗಾಳಿ ಸಮುದ್ರದ ಕಡೆಯಿಂದಲ್ಲ, ಹಿಂದಿನ ಕೊಲ್ಲಿಯ ಕಡೆಯಿಂದ ಬೀಸುತ್ತಿತ್ತು. ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಆ ದಿನದ ಸಂಗತಿಯನ್ನು ನಮ್ಮವರು ಒಬ್ಬೊಬ್ಬರು ಒಂದೊಂದು ರೀತಿ ಹೇಳುವುದನ್ನು ಕೇಳಿದ್ದೇನೆ. ಪೊಲೀಸರು ಬಾಗಿಲು ಒಡೆದರಂತೆ, ಶೇಷಾದ್ರಿ ಅಂಕಲ್ ಮೆಟ್ಟಿಲ ಮೇಲೆ ಕುಸಿದರಂತೆ. ಯಾರೂ ಬಾಗಿಲು ಒಡೆಯಲಿಲ್ಲ. ಯಾರೂ ಕುಸಿಯಲಿಲ್ಲ.

ಈಗ ಇದನ್ನು ಬರೆಯಲು ಕೂತದ್ದು ಒಂದು ಹಿಡಿ ಮರಳಿನಿಂದ. ಮೊನ್ನೆ ಟೈರು ಪಂಕ್ಚರ್ ಆಗಿ, ಕಾರಿನ ಹಿಂಭಾಗದ ಹಲಗೆ ಎತ್ತಿದೆ. ಸ್ಪೇರ್ ಟೈರಿನ ಕೆಳಗೆ ಮರಳಿತ್ತು. ನಾವು ಸಮುದ್ರದ ಕಡೆ ಹೋಗುವುದನ್ನು ಬಿಟ್ಟು ವರ್ಷಗಳಾದವು. ಬೆರಳಲ್ಲಿ ಉಜ್ಜಿ ನೋಡಿದೆ, ಒಣಗಿತ್ತು. ಟೈರು ಬದಲಾಯಿಸುವುದು ನನಗೆ ಇಂದಿಗೂ ಸರಿಯಾಗಿ ಬರುವುದಿಲ್ಲವಾದ್ದರಿಂದ ರಸ್ತೆಯ ಬದಿ ನಿಂತು ಸಹಾಯದವನಿಗಾಗಿ ಒಂದೂವರೆ ಗಂಟೆ ಕಾದೆ. ಆ ಒಂದೂವರೆ ಗಂಟೆಯಲ್ಲಿ ಎಲ್ಲವೂ ಮೊದಲಿನಿಂದ ನೆನಪಾಯಿತು.

ಶೇಷಾದ್ರಿ ಅಂಕಲ್ ಮೈಸೂರಿನವರು, ನೀರು ಸರಬರಾಜಿನ ಎಂಜಿನಿಯರ್. ನಾನು ಇಪ್ಪತ್ತೊಂಬತ್ತರ ಹರೆಯದಲ್ಲಿ ಎರಡು ಸೂಟ್‌ಕೇಸಿನೊಂದಿಗೆ ನ್ಯೂಜೆರ್ಸಿಯ ಈಸ್ಟ್ ಬ್ರನ್ಸ್‌ವಿಕ್‌ಗೆ ಬಂದಾಗ ಅವರ ಮನೆಯ ಬೇಸ್‌ಮೆಂಟಿನಲ್ಲಿ ಏಳು ತಿಂಗಳು ಇದ್ದೆ. ಬಾಡಿಗೆ ಕೊಡಲು ಹೋದರೆ ಅವರ ಹೆಂಡತಿ ಪದ್ಮಾ ಆಂಟಿ, "ಇಟ್ಕೊಳಯ್ಯಾ, ಮೊದಲು ಒಂದು ಒಳ್ಳೆ ಕೋಟು ತಗೋ. ಆ ಬೆಂಗಳೂರು ಸ್ವೆಟರಲ್ಲಿ ಓಡಾಡಿದರೆ ನಮ್ಮ ಮಾನ ಹೋಗತ್ತೆ" ಎನ್ನುತ್ತಿದ್ದರು. ನನಗೀಗ ಐವತ್ತು ದಾಟಿದೆ, ಅಂಗಡಿಯಲ್ಲಿ ಹುಡುಗರು ನನ್ನನ್ನೇ ಅಂಕಲ್ ಎನ್ನುತ್ತಾರೆ. ಆದರೂ ಅವರಿಬ್ಬರೂ ನನಗೆ ಅಂಕಲ್ ಮತ್ತು ಆಂಟಿಯೇ. ಅವರ ಎದುರು ನಾನು ಕಡೆಯವರೆಗೂ ಬೇಸ್‌ಮೆಂಟಿನ ಹುಡುಗನಾಗಿಯೇ ಉಳಿದೆ. ಈ ಕಥೆಯಲ್ಲಿ ಕೆಟ್ಟದ್ದು ನಡೆದದ್ದು ಅರ್ಧ ಅದರಿಂದಲೇ.

ಸಮುದ್ರದ ದಂಡೆಯ ಮನೆ ಆಂಟಿಯದು. ಆಂಟಿಯದು ಎಂದರೆ ಪತ್ರದಲ್ಲೂ ಅವರೊಬ್ಬರದೇ. ಕೊಳ್ಳುವಾಗ ಅಂಕಲ್, "ಮನೆ ಹೆಂಗಸಿನ ಹೆಸರಲ್ಲಿದ್ದರೆ ಏಳಿಗೆ" ಎಂದರಂತೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಹಾಗೆ ಮಾಡುತ್ತಾರಲ್ಲ, ಹಾಗೆಯೇ. ಎರಡು ಕೋಣೆಯ ಪುಟ್ಟ ಮರದ ಮನೆ. ಒಂದು ದೊಡ್ಡ ಚಂಡಮಾರುತದಲ್ಲಿ ಒಳಗೆ ಮೊಣಕಾಲುದ್ದ ನೀರು ನಿಂತ ಮೇಲೆ ಅದನ್ನು ಎತ್ತಿ ಮರದ ಕಂಬಗಳ ಮೇಲೆ ನಿಲ್ಲಿಸಿದ್ದರು. ಕೆಳಗೆ ಮರಳು, ಮೇಲೆ ಮನೆ. ಆಂಟಿ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಅಲೆಗೆ ಇಳಿಯುತ್ತಿದ್ದರು. ಈಜು ಬಾರದ ನಾನು ಷೂ ಕೂಡ ಬಿಚ್ಚದೆ ದಡದಲ್ಲಿ ಕೂತು ಕೋಡುಬಳೆ ಡಬ್ಬಿ ಕಾಯುತ್ತಿದ್ದೆ. ಕಾಯಲೇಬೇಕಿತ್ತು, ಅಲ್ಲಿನ ಕಡಲಹಕ್ಕಿಗಳಿಗೆ ಕೋಡುಬಳೆಯ ರುಚಿ ಹತ್ತಿತ್ತು.

ಆ ಊರಿನಲ್ಲಿ ಬೇಸಿಗೆಗೆ ಬರುವವರೇ ಹೆಚ್ಚು. ವರ್ಷವಿಡೀ ಇರುವವರು ಕೆಲವರು, ಊರು ನಡೆಸುವವರು ಅವರು. ತೆರಿಗೆ ಕಟ್ಟುವವರು ಎಲ್ಲರೂ. ನಾಲ್ಕು ಕಂತು: ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳ ಒಂದನೆಯ ತಾರೀಕು. ಆಂಟಿ ಕಂಪ್ಯೂಟರಿನಲ್ಲಿ ಕಟ್ಟುತ್ತಿರಲಿಲ್ಲ. ಎರಡು ದಿನ ಮೊದಲೇ ತಾವೇ ಡ್ರೈವ್ ಮಾಡಿಕೊಂಡು ಹೋಗಿ, ಊರಿನ ಕಚೇರಿಯ ಕಿಟಕಿಯಲ್ಲಿ ಚೆಕ್ ಕೊಟ್ಟು, ಅಲ್ಲಿನ ಗುಮಾಸ್ತೆಯ ಜೊತೆ ಒಂದು ಜಗಳ ಆಡಿ ಬರುತ್ತಿದ್ದರು.

"ನಾನಿರೋದು ವರ್ಷಕ್ಕೆ ಅರವತ್ತು ದಿನ. ನನ್ನ ಕಸ ಅರವತ್ತು ದಿನದ್ದು. ಮಿಕ್ಕ ದಿನ ಯಾರ ಕಸಕ್ಕೆ ಟ್ಯಾಕ್ಸ್ ಕೊಡ್ಲಿ, ಹೇಳು ಅಂದೆ."

"ಅದಕ್ಕೆ ಅವಳೇನಂದಳು?" ಎಂದು ಅಂಕಲ್.

"ನಕ್ಕಳು. ಮೈಸೂರುಪಾಕು ಮುಗೀತು, ಮುಂದಿನ ಸಲ ತಗೊಂಬಾ ಅಂದಳು."

ತೆರಿಗೆಯ ಕಾಗದಗಳನ್ನೂ ಈಸ್ಟ್ ಬ್ರನ್ಸ್‌ವಿಕ್‌ಗೆ ಬರುವಂತೆ ಅವರು ಬರೆಸಿರಲಿಲ್ಲ. ಆ ದಂಡೆಯ ಮನೆಗೇ ಬರಬೇಕು. "ಮೂವತ್ತು ವರ್ಷ ನಿಮ್ಮ ಹೆಸರಿನ ಮನೇಲಿ ಇದೀನಿ. ನನ್ನ ಮನೆಗೆ ನನ್ನ ಹೆಸರಲ್ಲಿ ಕಾಗದ ಬರಲಿ ಬಿಡಿ," ಎಂದಿದ್ದರು. ಅಂಕಲ್ ನಕ್ಕಿದ್ದರು.

ಆಂಟಿ ಒಂದು ಮಾರ್ಚ್ ತಿಂಗಳಲ್ಲಿ ತೀರಿಕೊಂಡರು. ಮೂರು ವಾರದ ಕಾಯಿಲೆ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಆಮೇಲೆ ಅಂಕಲ್ ದಂಡೆಯ ಮನೆಗೆ ಹೋಗುವುದು ಕಡಿಮೆಯಾಯಿತು. ವರ್ಷಕ್ಕೆರಡು ಸಲ ನಾನೂ ನನ್ನ ಹೆಂಡತಿ ಉಷಾಳೂ ಹೋಗಿ ಮನೆ ನೋಡಿ ಬರುತ್ತಿದ್ದೆವು. ಕಿಟಕಿ ತೆರೆದು ಗಾಳಿ ಆಡಿಸುವುದು, ಗುಡಿಸುವುದು, ಅಂಚೆಪೆಟ್ಟಿಗೆಯಲ್ಲಿದ್ದುದನ್ನು ಅಂಗಡಿಯ ಚೀಲಕ್ಕೆ ತುಂಬಿಕೊಂಡು ಬರುವುದು. ಮೊದಲ ಸಲ ಚೀಲ ಕೊಟ್ಟಾಗ ಅಂಕಲ್ ಜಾಹೀರಾತಿನ ಕಾಗದಗಳನ್ನೆಲ್ಲ ಬೇರೆ ಮಾಡಿದರು. ಆಂಟಿಯ ಹೆಸರಿದ್ದ ಲಕೋಟೆಗಳನ್ನು ಜೋಡಿಸಿ ದೇವರ ಕೋಣೆಯಲ್ಲಿ ಅವರ ಫೋಟೋದ ಮುಂದಿಟ್ಟು, ಮೇಲಿನದರ ಮೂಲೆಗೆ ಕುಂಕುಮ ಹಚ್ಚಿದರು.

"ಅವಳಿಗೆ ಬಂದಿರೋದು ಕಣಯ್ಯಾ. ನಾನು ಯಾವತ್ತೂ ಅವಳ ಕಾಗದ ಒಡೆದೋನಲ್ಲ. ವರ್ಷಾಂತಿಕ ಆಗಲಿ, ಆಮೇಲೆ ನೋಡೋಣ."

ವರ್ಷಾಂತಿಕ ಆಯಿತು. ಅವರು ಒಡೆಯಲಿಲ್ಲ. ಲಕೋಟೆಗಳು ಹೆಚ್ಚಾದವು. ಅಂಕಲ್ ಲೆಕ್ಕ ತಪ್ಪುವ ಮನುಷ್ಯರಲ್ಲ ಎಂದು ನಿಮಗೆ ಅನ್ನಿಸಬಹುದು, ನನಗೂ ಹಾಗೇ ಅನ್ನಿಸಿತ್ತು. ಅವರ ತಪ್ಪು ಸರಳವಾದದ್ದು. ಈಸ್ಟ್ ಬ್ರನ್ಸ್‌ವಿಕ್ ಮನೆಯ ಮೇಲೆ ಸಾಲವಿತ್ತು. ಅದರ ತೆರಿಗೆಯನ್ನು ಸಾಲದ ಕಂತಿನ ಜೊತೆ ಬ್ಯಾಂಕೇ ಹಿಡಿದು ಕಟ್ಟುತ್ತಿತ್ತು. ದಂಡೆಯ ಮನೆಯದೂ ಹಾಗೆಯೇ ಎಲ್ಲೋ ಹೋಗುತ್ತಿದೆ ಎಂದು ಅವರು ತಿಳಿದಿದ್ದರು. ಅದರ ಸಾಲ ಎಂದೋ ತೀರಿತ್ತು, ಕಟ್ಟುತ್ತಿದ್ದದ್ದು ಆ ಕಿಟಕಿಯಲ್ಲಿ ಜಗಳವಾಡುತ್ತಿದ್ದ ಆಂಟಿ ಒಬ್ಬರೇ. ಕಂತಿನ ದಿನ ಅವರು ಹೋಗಿಬರುವುದನ್ನು ಅಂಕಲ್ ಒಂದು ಸಂತೋಷದ ಪ್ರವಾಸ ಎಂದುಕೊಂಡಿದ್ದರೇ ಹೊರತು ಅದಿಲ್ಲದೆ ಮನೆ ನಿಲ್ಲದು ಎಂದುಕೊಂಡಿರಲಿಲ್ಲ.

ನ್ಯೂಜೆರ್ಸಿಯಲ್ಲಿ ತೆರಿಗೆ ಕಟ್ಟದ ಮನೆಯ ಬಾಕಿಯನ್ನು ಊರು ಹರಾಜು ಹಾಕುತ್ತದೆ. ಮನೆಯನ್ನಲ್ಲ, ಬಾಕಿಯನ್ನು. ಯಾವುದೋ ಕಂಪನಿ ನಿಮ್ಮ ಬಾಕಿಯನ್ನು ಕಟ್ಟಿ, ಅದನ್ನು ನಿಮ್ಮಿಂದ ವಸೂಲು ಮಾಡುವ ಹಕ್ಕನ್ನು ಪಡೆಯುತ್ತದೆ. ಎರಡು ವರ್ಷ ಕಾಯುತ್ತದೆ. ಬಡ್ಡಿ ಸೇರಿಸಿ ನೀವು ತೀರಿಸಿದರೆ ಸರಿ, ಇಲ್ಲವಾದರೆ ನ್ಯಾಯಾಲಯಕ್ಕೆ ಹೋಗಿ ಮನೆಯನ್ನೇ ತನ್ನದಾಗಿಸಿಕೊಳ್ಳುತ್ತದೆ. ಆಗ ಮಿಕ್ಕ ಬೆಲೆ ಒಡೆಯನಿಗೆ ಬರುತ್ತಿರಲಿಲ್ಲ. ಈಚೆಗೆ ಆ ನಿಯಮ ಬದಲಾಗಿದೆ ಎಂದು ಕೇಳಿದ್ದೇನೆ. ಇದನ್ನೆಲ್ಲ ನಾನು ತಿಳಿದುಕೊಂಡದ್ದು ಎಲ್ಲ ಮುಗಿದ ಮೇಲೆ. ಅಂಕಲ್ ಮನೆ ಕಳೆದುಕೊಳ್ಳಲು ಕಾರಣವಾದ ಬಾಕಿ ಬಡ್ಡಿ ಸೇರಿ ಒಂದು ಸಾಧಾರಣ ಕಾರಿನ ಬೆಲೆ. ಅವರ ಉಳಿತಾಯದ ಖಾತೆಯಲ್ಲಿ ಅದರ ಎಷ್ಟೋ ಪಟ್ಟು ಇತ್ತು.

ಈಗ ನನ್ನ ಪಾಲು ಹೇಳುತ್ತೇನೆ. ಮೂರನೆಯ ಚಳಿಗಾಲದಲ್ಲಿ ಅಂಚೆಪೆಟ್ಟಿಗೆ ಖಾಲಿ ಮಾಡುವಾಗ ಪೀಚ್ ಹಣ್ಣಿನ ಬಣ್ಣದ ಒಂದು ಚೀಟಿ ಸಿಕ್ಕಿತು. ಸಹಿ ಮಾಡಿ ಪಡೆಯಬೇಕಾದ ಕಾಗದ ಬಂದಿದೆ, ಅಂಚೆ ಕಚೇರಿಗೆ ಬನ್ನಿ ಎಂಬ ಚೀಟಿ. ಅದರ ಕೆಳಗೆ ಇನ್ನೊಂದು. ಕೆಳಗಿನ ಲಕೋಟೆಯ ಮೇಲೆ ತೆರಿಗೆ ವಸೂಲಿಯವರ ಮುದ್ರೆ, ಕೆಂಪಕ್ಷರ. ನಾನು ಕ್ರ್ಯಾನ್‌ಬರಿಯಲ್ಲಿ ಒಂದು ಔಷಧ ಕಂಪನಿಯಲ್ಲಿ ದಿನವಿಡೀ ಬೇರೆಯವರ ಕಾಗದಗಳಲ್ಲಿ ತಪ್ಪು ಹುಡುಕುವ ಕೆಲಸ ಮಾಡುವವನು. ಅದು ಏನೆಂದು ನನಗೆ ಗೊತ್ತಾಯಿತು. ಪೂರ್ತಿ ಅಲ್ಲ, ಆದರೆ ಕೇಳಬೇಕು ಎನ್ನುವಷ್ಟು.

ನಾನು ಕೇಳಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಹಿರಿಯರನ್ನು, ನನ್ನಿಂದ ಬಾಡಿಗೆ ತೆಗೆದುಕೊಳ್ಳದವರನ್ನು, "ಟ್ಯಾಕ್ಸ್ ಕಟ್ಟಿದ್ದೀರಾ ಅಂಕಲ್?" ಎಂದು ಹೇಗೆ ಕೇಳುವುದು? ಅವರ ದುಡ್ಡಿನ ವಿಷಯ ನನಗೇಕೆ? ಏನೆಂದುಕೊಂಡಾರು? ಹೀಗೆಲ್ಲ ಯೋಚಿಸಿ, ಅದನ್ನು ಮರ್ಯಾದೆ ಎಂದು ಕರೆದುಕೊಂಡೆ. ಚೀಟಿಗಳನ್ನು ಬೇರೆ ಕಾಗದಗಳ ನಡುವೆ ಸೇರಿಸಿ ಚೀಲವನ್ನು ಕೊಟ್ಟೆ. ಅಂಕಲ್ ಅವನ್ನೂ ಫೋಟೋದ ಮುಂದಿಟ್ಟರು. "ನಿಮ್ಮ ಆಂಟಿ ಈಗಲೂ ಬಿಜ಼ಿ ನೋಡು," ಎಂದರು. ನಾನು ನಕ್ಕೆ. ಆಮೇಲೆ ಇನ್ನೂ ಮೂರು ಸಲ ಅಂಥ ಚೀಲ ತಂದುಕೊಟ್ಟೆ.

ಐದನೆಯ ಚಳಿಗಾಲ ಶುರುವಾಗುತ್ತಿದ್ದಾಗ ಪಕ್ಕದ ಮನೆಯ ಡೊನ್ನಾ ಫೋನ್ ಮಾಡಿದಳು. ವರ್ಷವಿಡೀ ಅಲ್ಲೇ ಇರುವ ವಿಧವೆ, ಆಂಟಿಯ ಗೆಳತಿ. ನಿಮ್ಮ ಬಾಗಿಲಿಗೆ ಶೆರಿಫ್ ಕಚೇರಿಯವರು ಕಾಗದ ಅಂಟಿಸಿ ಹೋಗಿದ್ದಾರೆ, ಮನೆ ಬಿಡಬೇಕಾದ ತಾರೀಕು ಬರೆದಿದೆ, ಎಂದಳು. ಒಂಬತ್ತು ದಿನ ಉಳಿದಿತ್ತು.

ವುಡ್‌ಬ್ರಿಡ್ಜ್‌ನ ವಕೀಲರೊಬ್ಬರ ಹತ್ತಿರ ಅಂಕಲ್‌ರನ್ನು ಕರೆದುಕೊಂಡು ಹೋದೆ. ಗುಜರಾತಿನವರು, ಸಮಾಧಾನದ ಮನುಷ್ಯ. ಅಂಕಲ್ ಲಕೋಟೆಗಳ ಕಟ್ಟನ್ನು ಮೇಜಿನ ಮೇಲಿಟ್ಟರು. ವಕೀಲರ ಬೆರಳಿಗೆ ಕುಂಕುಮ ಹತ್ತಿತು. ಅವರು ಒರೆಸಿಕೊಳ್ಳುತ್ತ ಕೇಳಿದರು: ಈ ಕಾಗದಗಳು ನಿಮ್ಮ ಕೈಗೆ ಬಂದದ್ದು ಯಾವಾಗ? ಈಗ, ಒಟ್ಟಿಗೆ ಸಿಕ್ಕವೇ? ಯೋಚಿಸಿ ಹೇಳಿ. ಬಂದೇ ಇರಲಿಲ್ಲ ಎಂದಾದರೆ ನ್ಯಾಯಾಧೀಶರನ್ನು ಕೇಳಿ ನೋಡಬಹುದು.

ಅಂಕಲ್ ಯೋಚಿಸಲಿಲ್ಲ. ಇಂಗ್ಲಿಷಿನಲ್ಲಿ, "ಬಂದಿದ್ದವು, ಆಗಾಗ ಬರುತ್ತಲೇ ಇದ್ದವು," ಎಂದರು. ನನ್ನ ಭುಜ ಮುಟ್ಟಿ, "ಇವನೇ ತಂದುಕೊಟ್ಟ, ಪಾಪ, ಪ್ರತಿ ಸಲ," ಎಂದರು. ದನಿಯಲ್ಲಿ ಆರೋಪವಿರಲಿಲ್ಲ. ಅವರು ನನ್ನನ್ನು ಹೊಗಳುತ್ತಿದ್ದರು.

ಆ ಗುರುವಾರ ಅಂಕಲ್, ಉಷಾ, ನಾನು ಮೂವರೂ ಹೋದೆವು. ಮನೆಯ ಮುಂದೆ ಎರಡು ಕಾರು. ಶೆರಿಫ್ ಕಚೇರಿಯ ಅಧಿಕಾರಿ ಇನ್ನೂ ಎಳೆಯ, ಚಳಿಗೆ ಕಿವಿ ಕೆಂಪಾಗಿತ್ತು. ಬೀಗ ಬದಲಿಸುವವನು ಡಬ್ಬಿ ಹಿಡಿದು ಕೆಳಗಿನ ಮೆಟ್ಟಿಲ ಮೇಲೆ ಕೂತಿದ್ದ. ಕಂಪನಿಯ ಕಡೆಯವನೊಬ್ಬ ಕಾರಿನಿಂದ ಇಳಿದಿರಲಿಲ್ಲ. ಅಧಿಕಾರಿ ಅಂಕಲ್‌ರಿಗೆ ಕಾಗದ ಓದಿ ಹೇಳಿ, ಬೇಕಾದ ವಸ್ತು ತೆಗೆದುಕೊಳ್ಳಲು ಇಪ್ಪತ್ತು ನಿಮಿಷ ಕೊಡುತ್ತೇನೆ ಎಂದ. ಅಂಕಲ್ ತಲೆಯಾಡಿಸಿ, ತಮ್ಮ ಕೀಲಿಯಿಂದಲೇ ಬಾಗಿಲು ತೆಗೆದು ಒಳಗೆ ಹೋದರು. ನಾನು ಜೊತೆಗೆ ಹೋಗಬಹುದಿತ್ತು. ಬೆಳಕಿನ ಕಂಬದ ಪಕ್ಕದಲ್ಲೇ ನಿಂತೆ.

ಐದಾರು ನಿಮಿಷದ ಮೇಲೆ ಮನೆಯ ಅಡಿಯಿಂದ, ಕಂಬಗಳ ನಡುವೆ, ನೀರು ಬೀಳತೊಡಗಿತು. ಮೊದಲು ತೆಳ್ಳಗೆ, ಆಮೇಲೆ ದಪ್ಪನಾಗಿ, ಮರಳಿನ ಮೇಲೆ. ಕಂಪನಿಯವನು ಕಿಟಕಿ ಇಳಿಸಿ, ಅವನೇನು ಮನೆ ಹಾಳು ಮಾಡುತ್ತಿದ್ದಾನೆಯೇ, ಹೋಗಿ ನೋಡಿ, ಎಂದ. ಅಧಿಕಾರಿ ಮೇಲೆ ಹೋಗಿ ಬಂದ. ಪೈಪುಗಳ ನೀರು ಖಾಲಿ ಮಾಡುತ್ತಿದ್ದಾರೆ, ಹೆಪ್ಪುಗಟ್ಟಿ ಒಡೆಯದಿರಲಿ ಅಂತ, ಎಂದ. ಕಂಪನಿಯವನು ಕಿಟಕಿ ಏರಿಸಿದ.

ಪ್ರತಿ ವರ್ಷ ನವೆಂಬರಿನಲ್ಲಿ ಅಂಕಲ್ ಮಾಡುತ್ತಿದ್ದ ಕೆಲಸ ಅದು. ಆ ವರ್ಷ ಮಂಡಿಯ ಆಪರೇಷನ್ ಆಗಿ ತಡವಾಗಿತ್ತು. ಮುಖ್ಯ ನಲ್ಲಿ ಮುಚ್ಚಿ, ಎಲ್ಲ ನಲ್ಲಿ ತೆರೆದು, ಸಿಂಕಿನ ಬಾಯಿಗೂ ಕಮೋಡಿಗೂ ಹೆಪ್ಪುಗಟ್ಟದ ಗುಲಾಬಿ ದ್ರವ ಸುರಿಯಬೇಕು. ಇಪ್ಪತ್ತು ನಿಮಿಷದಲ್ಲಿ ಆಗುವುದಿಲ್ಲ. ನಲವತ್ತು ಹಿಡಿಯಿತು. ಅಧಿಕಾರಿ ಒಮ್ಮೆಯೂ ಗಡಿಯಾರ ನೋಡಿಕೊಳ್ಳಲಿಲ್ಲ. ನೀರು ಹನಿಯಾಗಿ, ನಿಂತಿತು.

ಅಂಕಲ್ ಬರಿಗೈಯಲ್ಲಿ ಹೊರಗೆ ಬಂದರು. ಪ್ಯಾಂಟಿನ ಮಂಡಿ ಒದ್ದೆಯಾಗಿತ್ತು.

"ಏನೂ ತಗೊಳ್ಳಲಿಲ್ವಾ ಅಂಕಲ್? ಆಂಟಿ ಪಾತ್ರೆ, ಫೋಟೋಗಳು..." ಎಂದಳು ಉಷಾ.

"ಟೈಮ್ ಎಲ್ಲಿತ್ತಮ್ಮಾ," ಎಂದರು. "ಪೈಪಿನ ನೀರೆಲ್ಲ ಇಳಿಸಿ ಬಂದೆ. ಇಲ್ಲದಿದ್ದರೆ ಈ ವಾರದಲ್ಲೇ ಒಡೆದಿರೋದು." ಕೀಲಿಯನ್ನು ಅಧಿಕಾರಿಯ ಕೈಗಿಟ್ಟರು. ಬೇಡ, ಬೀಗವನ್ನೇ ಬದಲಾಯಿಸುತ್ತಾರೆ, ಎಂದು ಅವನು ಹಿಂದಿರುಗಿಸಿದ. ಅಂಕಲ್ ಅದನ್ನು ಎರಡು ಮೂರು ಸಲ ನೋಡಿ, ಕೋಟಿನ ಜೇಬಿಗೆ ಹಾಕಿಕೊಂಡರು.

ಈಸ್ಟ್ ಬ್ರನ್ಸ್‌ವಿಕ್ ತಲುಪಿದ ಮೇಲೆ, ಕಾರಿನಿಂದ ಇಳಿಯುತ್ತ ಅಂಕಲ್, "ಊಟ ಮಾಡ್ಕೊಂಡು ಹೋಗ್ರಯ್ಯಾ, ಸಾರು ಇದೆ," ಎಂದರು. ಊಟ ಮಾಡಿದೆವು. ಆಗಲೂ ನಾನು ಆ ಚೀಟಿಗಳ ಮಾತು ಎತ್ತಲಿಲ್ಲ. ಮುಂದೆ ಎರಡು ವರ್ಷ ಅವರು ಇದ್ದರು. ಪ್ರತಿ ಭಾನುವಾರ ಹೋಗುತ್ತಿದ್ದೆ. ಹೇಳಲು ನೂರಕ್ಕೂ ಹೆಚ್ಚು ಭಾನುವಾರ ಸಿಕ್ಕಿತ್ತು. ಈಗ ಅವರಿಲ್ಲ.

ಅಂದು ಅಲ್ಲಿ ಇದ್ದು ಇಂದಿಗೂ ಇರುವವರು ಇವರು. ಕಿವಿ ಕೆಂಪಾಗಿದ್ದ ಅಧಿಕಾರಿ. ಹೆಸರು ಗೊತ್ತಿಲ್ಲ, ಬದುಕಿದ್ದಾನೆಂದೇ ತಿಳಿಯುತ್ತೇನೆ. ಬೀಗ ಬದಲಿಸಿದವನು. ಕಾರಿನಿಂದ ಇಳಿಯದವನು. ಪರದೆ ಸರಿಸಿ ನೋಡುತ್ತಿದ್ದ ಡೊನ್ನಾ. ಎಂಬತ್ತು ದಾಟಿದ್ದಾಳೆ, ಯುಗಾದಿಗೆ ಇಂದಿಗೂ ಫೋನ್ ಮಾಡುತ್ತಾಳೆ. ನಾನು. ಮತ್ತು ಉಷಾ. ಮೂರನೆಯ ಚಳಿಗಾಲದ ಆ ದಿನ ನಾನು ಕಾರು ನಡೆಸುತ್ತಿದ್ದೆ, ಚೀಲ ಇದ್ದದ್ದು ಉಷಾಳ ತೊಡೆಯ ಮೇಲೆ, ಮನೆ ತಲುಪುವವರೆಗೂ. ಅವಳೂ ಆ ಚೀಟಿಗಳನ್ನು ನೋಡಿದ್ದಳೇ ಎಂದು ನಾನು ಇಷ್ಟು ವರ್ಷ ಕೇಳಿಲ್ಲ, ನಾನು ನೋಡಿದ್ದೆನೇ ಎಂದು ಅವಳೂ ಕೇಳಿಲ್ಲ. ಈ ಬರಹವನ್ನು ಮೊದಲು ಓದುವವಳು ಅವಳು. ಒಳಗೆ ಅಡಿಗೆಮನೆಯಲ್ಲಿದ್ದಾಳೆ. ಈಗ ಕರೆಯುತ್ತೇನೆ.