ಮಾತ್ರೆ ಆ್ಯಪಿನ ಮೇಲೆ ನಾನು ಕೊಟ್ಟ ದೂರು

ನನ್ನ ಓರಗಿತ್ತಿಗೆ ಫಿಟ್ಸ್ ಇದೆ. ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು ಮಾತ್ರೆ ನುಂಗಲೇಬೇಕು. ತಪ್ಪಿದರೆ ಬೀಳುತ್ತಾಳೆ. ಎಲ್ಲಿ ಬೀಳುತ್ತಾಳೆ ಅಂತ ಹೇಳಲಾಗುವುದಿಲ್ಲ. ಒಂದು ಸಲ ಒಲೆ ಮುಂದೆ ಬಿದ್ದು ಕೈ ಸುಟ್ಟುಕೊಂಡಳು. ನೆನಪೂ ಈಗ ಅಷ್ಟಕ್ಕಷ್ಟೆ. ಊಟ ಆಯಿತಾ ಎಂದು ಕೇಳಿದರೆ ಪಾತ್ರೆಯ ಮುಚ್ಚಳ ತೆಗೆದು ನೋಡಿ ಹೇಳುತ್ತಾಳೆ.

ರಾತ್ರಿಯದಕ್ಕೆ ನಾನಿರುತ್ತೇನೆ, ಎದುರಿಗೆ ನಿಂತು ನುಂಗಿಸುತ್ತೇನೆ. ತೊಂದರೆ ಬೆಳಗಿನದು. ನಾನು ಐದಕ್ಕೇ ಎದ್ದು ಹೋಗಿ ಕೊಡಿಗೇಹಳ್ಳಿ ಮೇನ್ ರೋಡಿನಲ್ಲಿ ಹಾಲಿನ ಬೂತಿನ ಪಕ್ಕ ಗೋಣಿಚೀಲ ಹಾಸಿ ಸೊಪ್ಪು ಮಾರುತ್ತೇನೆ. ಮನೆಗೆ ಬರುವುದು ಹನ್ನೊಂದಕ್ಕೆ. ಮಗ ಟೆಂಪೋ ಓಡಿಸುತ್ತಾನೆ, ಅವನೂ ನನ್ನ ಹಿಂದೆಯೇ ಹೊರಡುತ್ತಾನೆ. ಎಂಟು ಗಂಟೆಗೆ ಮನೆಯಲ್ಲಿ ಅವಳೊಬ್ಬಳೇ. ಫೋನ್ ಮಾಡೋಣವೆಂದರೆ ಅದು ವ್ಯಾಪಾರದ ಹೊತ್ತು, ನನಗೇ ಮರೆಯುತ್ತಿತ್ತು.

ನಮ್ಮದೇ ಮೇಲಿನ ಮನೆಯಲ್ಲಿ ಬಾಡಿಗೆಗಿರುವವಳು ಬ್ಲೌಸ್ ಹೊಲಿಯುತ್ತಾಳೆ. ಮನೆಯವರ ಜೊತೆ ಉರ್ದು, ನನ್ನ ಜೊತೆ ಕನ್ನಡ, ಗಿರಾಕಿಗಳ ಜೊತೆ ಅವರವರ ಭಾಷೆ. ಇಂಗ್ಲಿಷೂ ಓದುತ್ತಾಳೆ. ತನ್ನ ತಾಯಿಯ ಸಕ್ಕರೆ ಕಾಯಿಲೆ ಮಾತ್ರೆಗೆಂದು ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡಿದ್ದಳು. ನಮ್ಮ ಕಷ್ಟ ನೋಡಿ ಅದನ್ನೇ ಓರಗಿತ್ತಿಯ ಫೋನಿಗೂ ಹಾಕಿದಳು. ಅದರಲ್ಲಿ ನಮ್ಮ ದನಿಯನ್ನೇ ತುಂಬಿಸಿಡಬಹುದು. ಹೇಳಿದ ಹೊತ್ತಿಗೆ ಆ ದನಿ ಕೂಗುತ್ತದೆ. ನಾನು ಫೋನನ್ನು ಬಾಯಿಗೆ ಹಿಡಿದು, "ಏಯ್, ಎಂಟಾಯ್ತು, ಮಾತ್ರೆ ನುಂಗು, ನೀರು ಜಾಸ್ತಿ ಕುಡಿ" ಎಂದು ತುಂಬಿಸಿದೆ.

ದುಡ್ಡು ಎಷ್ಟು ಎಂದು ಕೇಳಿದೆ. ಇಲ್ಲ ಎಂದಳು. ಯಾರೋ ನಾಲ್ಕಾರು ಜನ ತಮ್ಮ ತಮ್ಮ ಕೆಲಸ ಮುಗಿಸಿ ಬಂದು, ಬಿಡುವಿದ್ದಾಗ ಕೂತು ಮಾಡಿದ್ದಂತೆ. ಅದರ ಒಳಗೆ ಏನಿದೆ ಎಂದು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ತೊಂದರೆಯಾದರೆ ಬರೆಯಬಹುದು, ಬರೆದದ್ದು ಎಲ್ಲರಿಗೂ ಕಾಣುವ ಒಂದು ಪುಟಕ್ಕೆ ಹೋಗುತ್ತದೆ, ಅವರು ಉತ್ತರ ಕೊಡುತ್ತಾರೆ. ನನಗೆ ನಂಬಿಕೆ ಬರಲಿಲ್ಲ. ಪುಕ್ಕಟೆ ಕೊಡುವವರು ಆಮೇಲೆ ಓಟು ಕೇಳಲು ಬರುವುದನ್ನು ನೋಡಿದ್ದೇನೆ. ಇವರು ಯಾಕೆ ಕೊಡುತ್ತಾರೆ ಎಂದು ತಿಳಿಯಲಿಲ್ಲ. ಆದರೂ ಬೆಳಿಗ್ಗೆ ಎಂಟಕ್ಕೆ ಅದು ನನ್ನ ದನಿಯಲ್ಲಿ ಕೂಗುತ್ತಿತ್ತು, ಅವಳು ನುಂಗುತ್ತಿದ್ದಳು. ನಾನು ಸೊಪ್ಪಿನ ಮುಂದೆ ನೆಮ್ಮದಿಯಾಗಿ ಕೂತೆ.

ಆಮೇಲೆ ಒಂದೊಂದು ದಿನ ಮನೆಗೆ ಬಂದಾಗ ಮಾತ್ರೆ ಹಾಗೇ ಇರುತ್ತಿತ್ತು. ಯಾಕೆ ನುಂಗಲಿಲ್ಲ ಎಂದರೆ "ನೀನು ಕೂಗ್ಲೇ ಇಲ್ವಲ್ಲಕ್ಕ" ಎನ್ನುತ್ತಿದ್ದಳು. ಸುಳ್ಳು ಹೇಳುತ್ತಾಳೆ ಅಂದುಕೊಂಡು ಬೈದೆ. ಮೇಲಿನ ಮನೆಯವಳು ತಾನೂ ಕೇಳಿಸಿಕೊಳ್ಳಲಿಲ್ಲ ಎಂದ ಮೇಲೆ ಬೈಯುವುದು ಬಿಟ್ಟೆ. ಹೀಗೆ ತಪ್ಪಿದ ಒಂದು ದಿನ ಬಚ್ಚಲಲ್ಲಿ ಬಿದ್ದು ಹುಬ್ಬಿನ ಮೇಲೆ ಗಾಯ ಮಾಡಿಕೊಂಡಳು. ಅವತ್ತು ನನಗೆ ತಲೆ ಕೆಟ್ಟಿತು. ದೂರು ಬರಿ, ಈಗಲೇ ಬರಿ ಎಂದು ಮೇಲಿನ ಮನೆಯವಳ ಹೊಲಿಗೆ ಮಿಷನ್ ಪಕ್ಕ ಹೋಗಿ ಕೂತೆ.

ದೂರು ಕೊಡುವುದು ನನಗೆ ಹೊಸದಲ್ಲ. ಹಿಂದೆ ನಮ್ಮ ಬೀದಿಗೆ ನೀರು ಬರುವುದು ನಿಂತಾಗ ನಾನೊಬ್ಬಳೇ ನೀರಿನ ಆಫೀಸಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ್ದೆ. ಎರಡು ದಿನದಿಂದ ಬಂದಿಲ್ಲ, ಪೈಪಿಗೆ ಮೋಟರ್ ಹಾಕಿದರೂ ಎಳೆಯುತ್ತಿಲ್ಲ ಎಂದೆ. ಅಲ್ಲಿದ್ದವನು ಮೋಟರ್ ಎಂಬ ಮಾತನ್ನೇ ಹಿಡಿದುಕೊಂಡ. ಪೈಪಿಗೆ ಮೋಟರ್ ಹಾಕಿದ್ದೇ ತಪ್ಪು, ಅದಕ್ಕೇ ನೀರಿಲ್ಲ ಎಂದು ನನ್ನ ಮೇಲೇ ತಿರುಗಿಸಿ ಕಳಿಸಿದ. ಮಾರನೇ ದಿನ ಬೀದಿಯ ಹೆಂಗಸರನ್ನೆಲ್ಲ ಬಿಂದಿಗೆ ಸಮೇತ ಕರೆದುಕೊಂಡು ಹೋದೆ. ಹದಿನೈದು ದಿನದಿಂದ ಒಂದು ತೊಟ್ಟೂ ಇಲ್ಲ ಎಂದು ಕಿರುಚಿದೆವು. ಸಂಜೆಗೆ ನೀರು ಬಂತು. ಅವತ್ತು ಕಲಿತದ್ದು ಇಷ್ಟು: ಇರುವುದಕ್ಕಿಂತ ಜಾಸ್ತಿ ಹೇಳಬೇಕು, ಒಬ್ಬಳೇ ಹೋಗಬಾರದು, ನಮ್ಮ ಕೈ ಏನು ಮಾಡುತ್ತಿತ್ತು ಎಂಬುದನ್ನು ಬಾಯಿ ಬಿಡಬಾರದು. ಕರೆಂಟಿಗೂ ಚರಂಡಿಗೂ ಹೀಗೇ ಮಾಡಿದೆ. ಎಲ್ಲವೂ ನಡೆಯಿತು.

ಮೇಲಿನ ಮನೆಯವಳು ಆ ಪುಟ ತೆಗೆದು ಅಲ್ಲಿ ಕೇಳಿರುವುದನ್ನು ಓದಿ ಹೇಳಿದಳು. ಏನು ಮಾಡುತ್ತಿದ್ದಾಗ ಹಾಗಾಯಿತು, ಏನಾಗಬೇಕಿತ್ತು, ಏನಾಯಿತು, ಯಾವ ಫೋನು, ಪ್ರತಿ ಸಲವೂ ಆಗುತ್ತದೆಯೋ ಒಮ್ಮೊಮ್ಮೆಯೋ. ನನಗೆ ನೀರಿನ ಆಫೀಸಿನವನ ಮುಖ ನೆನಪಾಯಿತು. ಇಷ್ಟೆಲ್ಲ ಕೇಳುವುದು ತಪ್ಪಿಸಿಕೊಳ್ಳುವುದಕ್ಕೇ ಅಂದುಕೊಂಡೆ.

"ಒಂದ್ ದಿನಾನೂ ಕೂಗಲ್ಲ ಅಂತ ಬರಿ" ಎಂದೆ.

"ಒಂದೊಂದ್ ದಿನ ತಾನೇ ಅಮ್ಮ ಕೂಗದೆ ಇರೋದು?"

"ಅಂಗ್ ಬರುದ್ರೆ ಯಾವನೂ ತಿರುಗ್ ನೋಡಲ್ಲ ಕಣಮ್ಮ. ನಾನ್ ಹೇಳ್ದಂಗೆ ಬರಿ."

ಅವಳು ಬರೆದಳು. ಬರೆಯುತ್ತಾ, ಓರಗಿತ್ತಿಯ ಮಗಳು ಅಟ್ಟೂರಿನಿಂದ ಕೆಲವು ದಿನ ಬೆಳಿಗ್ಗೆ ಅದೇ ಹೊತ್ತಿಗೆ ಫೋನ್ ಮಾಡುತ್ತಾಳಲ್ಲ, ಅದನ್ನೂ ಸೇರಿಸಲಾ ಎಂದು ಕೇಳಿದಳು. ನಾನು ಬೇಡವೆಂದೆ. "ಮಾತಾಡ್ತಾ ಕೂತಿದ್ರಿ, ಅದ್ಕೇ ಕೇಳಿಸ್ಲಿಲ್ಲ ಅಂತಾರೆ. ತಪ್ಪು ನಮ್ ಮೇಲೇ ಬರ್ತೈತೆ" ಎಂದೆ. ನನಗೆ ಗೊತ್ತಿಲ್ಲದೆ ಬಿಟ್ಟುಹೋದ ಮಾತಲ್ಲ ಇದು. ಗೊತ್ತಿದ್ದೇ ಮುಚ್ಚಿಟ್ಟೆ.

ಅಷ್ಟಕ್ಕೇ ಬಿಡಲಿಲ್ಲ. ಹಾಲಿನ ಬೂತಿಗೆ ಬರುವ ನಮ್ಮ ಬೀದಿಯ ಹೆಂಗಸರನ್ನು ಹಿಡಿದೆ. ಎಲ್ಲರ ಫೋನಿಗೂ ಆ ಆ್ಯಪ್ ಹಾಕಿಸಿ, ಎಲ್ಲರಿಂದಲೂ ಅದೇ ದೂರು ಹಾಕಿಸಿದೆ. ಒಬ್ಬಳು "ನಂಗೆ ಮಾತ್ರೆನೇ ಇಲ್ವಲ್ಲಕ್ಕ" ಎಂದಳು. "ಫೋನ್ ಐತಲ್ಲ, ಸಾಕು" ಎಂದೆ. ನಕ್ಕು ಹಾಕಿದಳು. ಮೇಲಿನ ಮನೆಯವಳಿಗೆ ಇದು ಇಷ್ಟವಿರಲಿಲ್ಲ. ನಾನು ಮನೆ ಯಜಮಾನಿ ಎಂದು ಬಾಯಿ ಮುಚ್ಚಿಕೊಂಡಳು.

ಉತ್ತರ ಬಂತು. ಒಬ್ಬೊಬ್ಬರಿಗೂ ಬೇರೆ ಬೇರೆ ಬಂತು, ಅದೂ ಕನ್ನಡದಲ್ಲೇ. ಎಲ್ಲ ಬರೆದವರು ಒಬ್ಬರೇ, ಅವರು ಗಂಡಸೋ ಹೆಂಗಸೋ ನನಗೆ ಇವತ್ತಿಗೂ ಗೊತ್ತಿಲ್ಲ. ತೊಂದರೆ ಆಗಿದ್ದಕ್ಕೆ ಕ್ಷಮಿಸಿ, ನನ್ನ ಫೋನಿನಲ್ಲಿ ನೋಡಿದರೆ ಸರಿಯಾಗಿಯೇ ಕೂಗುತ್ತಿದೆ, ನಿಮಗೆ ಎಂದಿನಿಂದ ಹೀಗೆ, ಆ ಹೊತ್ತಿನಲ್ಲಿ ಫೋನಿನಲ್ಲಿ ಬೇರೇನಾದರೂ ನಡೆಯುತ್ತಿತ್ತೇ ಎಂದು ಕೇಳಿದ್ದರು. ನಮ್ಮ ಹೆಂಗಸರಿಗೆ ಇದು ಆಟವಾಯಿತು. ಬೂತಿನ ಮುಂದೆ ನಿಂತು ತಮಗೆ ತೋಚಿದ್ದನ್ನು ಉತ್ತರ ಹಾಕಿದರು. ಫೋನು ಹೊಸದು ಎಂದಳು ಒಬ್ಬಳು. ಇನ್ನೊಬ್ಬಳು ಒಂದು ತಿಂಗಳಿಂದ ಗಪ್‌ಚುಪ್ ಎಂದು ಹಾಕಿದಳು. ಆ ಮನುಷ್ಯರು ಎಲ್ಲವನ್ನೂ ನಂಬಿದರು. ಮತ್ತೆ ಮತ್ತೆ ಮರ್ಯಾದೆಯಿಂದ ಕೇಳಿದರು. ಅವರಿಗೆ ಬಿಸಿ ತಟ್ಟಿದೆ ಎಂದು ನಾನು ಬೀಗಿದೆ.

ಹೀಗಿರುವಾಗ ಒಂದು ಬೆಳಿಗ್ಗೆ ಮೇಲಿನ ಮನೆಯವಳಿಂದ ನನ್ನ ಬಟನ್ ಫೋನಿಗೆ ಕರೆ ಬಂತು. ಓರಗಿತ್ತಿ ಬಾಗಿಲ ಹತ್ತಿರ ಕುಸಿದು ಕೂತಿದ್ದಾಳೆ, ಏಳಿಸಿದರೆ ತೂರಾಡುತ್ತಾಳೆ ಎಂದಳು. ಸೊಪ್ಪನ್ನು ಬೂತಿನವನಿಗೆ ಒಪ್ಪಿಸಿ ಓಡಿದೆ. ಫಿಟ್ಸ್ ಬಂದ ಹಾಗಿರಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು, ನಾಲಿಗೆ ಹೊರಳುತ್ತಿರಲಿಲ್ಲ. ಮಾತ್ರೆಯ ಹಾಳೆ ನೋಡಿದೆ. ಒಂದರ ಬದಲು ಮೂರು ಖಾಲಿ.

"ಯಾಕೆ ಇಷ್ಟ್ ನುಂಗ್ದೆ?" ಎಂದು ಕೇಳಿದೆ.

"ನೀನೇ ಕೂಗ್ದೆಯಲ್ಲಕ್ಕ" ಎಂದಳು. "ಮತ್ತ್ ಮತ್ತೆ ಕೂಗ್ದೆ. ಕೂಗ್ದಾಗೆಲ್ಲ ನುಂಗ್ದೆ."

ಆಗಿದ್ದು ಹೀಗೆ. ಇಷ್ಟು ಜನಕ್ಕೆ ಆ್ಯಪ್ ಕೂಗುವುದೇ ಇಲ್ಲವಲ್ಲ ಎಂದು ಗಾಬರಿಯಾಗಿ, ಮಾಡಿದವರು ಅದನ್ನು ಬದಲಾಯಿಸಿದ್ದರು. ಮಾತ್ರೆ ನುಂಗಿ ಫೋನಿನ ಮೇಲೆ ಒತ್ತುವವರೆಗೂ ಸ್ವಲ್ಪ ಸ್ವಲ್ಪ ಹೊತ್ತಿಗೆ ಕೂಗುತ್ತಲೇ ಇರುವ ಹಾಗೆ ಮಾಡಿದ್ದರು. ಆ ಹೊಸದು ನಮ್ಮ ಫೋನಿಗೆ ತಾನಾಗಿಯೇ ಬಂದು ಕೂತಿತ್ತು. ಒತ್ತಬೇಕು ಎಂದು ಓರಗಿತ್ತಿಗೆ ಗೊತ್ತಿಲ್ಲ. ಅವಳಿಗೆ ಗೊತ್ತಿದ್ದುದು ನನ್ನ ದನಿ. ನಾನು ಹೇಳಿದರೆ ಅವಳು ಎದುರಾಡುವವಳಲ್ಲ.

ಆಟೋದಲ್ಲಿ ಹಾಕಿಕೊಂಡು ಹೊರಟೆವು. ಹೆಬ್ಬಾಳದ ಫ್ಲೈಓವರ್ ಕೆಳಗೆ ಗಾಡಿ ಅಲ್ಲಾಡಲಿಲ್ಲ. ಅವಳ ತಲೆ ನನ್ನ ಹೆಗಲ ಮೇಲೆ ಜೋತು ಬೀಳುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಲ್ಲ ನೋಡಿ, ಸಂಜೆಯವರೆಗೆ ಇಲ್ಲೇ ಇರಲಿ, ಇಳಿಯುತ್ತದೆ ಎಂದರು. ಇನ್ನೊಂದೆರಡು ನುಂಗಿದ್ದರೆ ಬೇರೆ ಮಾತಾಗುತ್ತಿತ್ತು ಎಂದೂ ಹೇಳಿದರು. ಮಾತ್ರೆ ಕೊಡುವವರು ಯಾರು ಎಂದು ಕೇಳಿದರು. ಫೋನು ಎಂದೆ. ಅವರು ನನ್ನನ್ನೇ ನೋಡಿದರು.

ಮನೆಗೆ ಬಂದ ಮೇಲೆ ಮೇಲಿನ ಮನೆಯವಳು ಆ ಪುಟ ತೆಗೆದಳು. ಬೇರೆ ಊರಿನ ಎಷ್ಟೋ ಜನ ಮತ್ತೆ ಮತ್ತೆ ಕೂಗುತ್ತದೆ ಎಂದು ಬೈದು ಬರೆದಿದ್ದರು. ಅದರ ಕೆಳಗೆ ಆ್ಯಪ್ ಮಾಡಿದವರ ಉತ್ತರವಿತ್ತು. ಅವಳು ಓದಿದಳು: ಕೂಗುವುದೇ ಇಲ್ಲವೆಂದು ಬಹಳ ಜನ ಹೇಳಿದ್ದರಿಂದ ಅವಸರ ಮಾಡಿದೆ, ಚೆನ್ನಾಗಿ ಪರೀಕ್ಷೆ ಮಾಡದೆ ಬಿಟ್ಟೆ, ತಪ್ಪು ನನ್ನದೇ, ಹಳೆಯದನ್ನೇ ಮತ್ತೆ ಹಾಕುತ್ತಿದ್ದೇನೆ, ಯಾರಿಗಾದರೂ ಅಪಾಯವಾಗಿದೆಯೇ, ದಯವಿಟ್ಟು ತಿಳಿಸಿ.

ತಪ್ಪು ನನ್ನದೇ ಎಂಬುದನ್ನು ಓದುವಾಗ ಅವಳ ದನಿ ಇಳಿಯಿತು. ನನಗೆ ಅಲ್ಲಿ ಕೂರಲಾಗಲಿಲ್ಲ. ಕೆಳಗೆ ಬಂದೆ. ಬೀದಿಯಲ್ಲಿ ಕೂತು ವ್ಯಾಪಾರ ಮಾಡುವವಳು ನಾನು. ತೂಕದ ಮಾತಿಗೆ, ಚೌಕಾಸಿ ಮಾತಿಗೆ ನಾಚಿದವಳಲ್ಲ. ನೀರಿನ ಆಫೀಸಿನಲ್ಲಿ ಹೇಳಿದ ಸುಳ್ಳಿಗೂ ನಾಚಿಲ್ಲ, ಇವತ್ತಿಗೂ ಇಲ್ಲ. ಆ ಆಫೀಸಿನವನು ಕೂತಿದ್ದೇ ನಮ್ಮನ್ನು ವಾಪಸ್ ಕಳಿಸಲು. ಇವರು ನಾನು ಹೇಳಿದ್ದನ್ನು ನಂಬಿ, ಬಿಡುವನ್ನು ಬಿಟ್ಟು ಕೆಲಸ ಮಾಡಿದರು. ಇವರು ಕೇಳಿದ್ದು ನಿಜವಾಗಿಯೂ ತಿಳಿಯುವುದಕ್ಕೇ ಆಗಿತ್ತು. ಅಂಥವರೂ ಇರುತ್ತಾರೆ ಎಂದು ಇಷ್ಟು ವಯಸ್ಸಿಗೆ ನನಗೆ ತಿಳಿದಿರಲಿಲ್ಲ. ಮೈಯೆಲ್ಲ ಹೇಸಿಗೆ ಮೆತ್ತಿಕೊಂಡ ಹಾಗಾಯಿತು.

ಮಾರನೇ ದಿನ ಮತ್ತೆ ಮೇಲೆ ಹೋದೆ. ಇರುವುದನ್ನು ಬರಿ ಎಂದೆ.

"ಏನ್ ಇದೆ ಅಂತ ಮೊದಲು ನೋಡೋಣ ಅಮ್ಮ" ಎಂದಳು.

ಓರಗಿತ್ತಿಯನ್ನು ಮೇಲೆ ಕರೆದು ಮಂಚದ ಮೇಲೆ ಕೂರಿಸಿದೆವು. ಕೂಗಿದರೆ ನುಂಗಿಬಿಟ್ಟಾಳೆಂದು ಮಾತ್ರೆ ಹಾಳೆಯನ್ನು ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೆ. ಅಷ್ಟರಲ್ಲಿ ಫೋನಿಗೆ ಹಳೆಯ ಆ್ಯಪೇ ವಾಪಸ್ ಬಂದಿತ್ತು. ಮೇಲಿನ ಮನೆಯವಳು ಸ್ವಲ್ಪ ಹೊತ್ತಿನಲ್ಲೇ ಕೂಗುವಂತೆ ಅದನ್ನಿಟ್ಟು, ತನ್ನ ಫೋನಿನಿಂದ ಅವಳಿಗೆ ಕರೆ ಮಾಡಿದಳು. ಇಬ್ಬರೂ ಎದುರೆದುರು ಕೂತು ಫೋನಿನಲ್ಲಿ ಸಾರಿನ ಪುಡಿಯ ಮಾತಾಡಿದರು. ಹೊತ್ತು ಬಂತು, ಹೋಯಿತು. ಆ್ಯಪ್ ಕೂಗಲಿಲ್ಲ. ಮಾತು ಮುಗಿಸಿ ಫೋನ್ ಇಟ್ಟ ಮೇಲೂ ಕೂಗಲಿಲ್ಲ. ಕರೆ ಮಾಡದೆ ಇನ್ನೊಮ್ಮೆ ಇಟ್ಟು ನೋಡಿದೆವು. ಕೂಗಿತು. ಮತ್ತೆ ಕರೆ ಮಾಡಿ ನೋಡಿದೆವು. ಇಲ್ಲ. ನಾನು ಬೇಡ ಅಂದಿದ್ದ ಆ ಒಂದು ಮಾತಿನಲ್ಲೇ ಎಲ್ಲ ಇತ್ತು.

ಹಾಗೇ ಬರೆಸಿದೆ. ಫೋನು ಯಾವುದು, ಹೇಗೆ ಇಟ್ಟೆವು, ಕರೆಯಲ್ಲಿದ್ದಾಗ ಕೂಗುವ ಹೊತ್ತು ಬಂದರೆ ಅವತ್ತಿನದು ತಪ್ಪಿಯೇ ಹೋಗುತ್ತದೆ, ಕರೆ ಇಲ್ಲದಿದ್ದರೆ ಸರಿಯಾಗಿ ಕೂಗುತ್ತದೆ, ಕರೆ ಮುಗಿದ ಮೇಲಾದರೂ ಕೂಗಬೇಕಿತ್ತು. ನಿಮ್ಮ ಹೊಸದರಿಂದ ನಮ್ಮ ಮನೆಯಲ್ಲಿ ಹೀಗಾಯಿತು, ಈಗ ಹುಷಾರಾಗಿದ್ದಾಳೆ ಎಂದೂ ಬರೆಸಿದೆ. ಕೊನೆಗೆ, ಒಂದು ದಿನವೂ ಕೂಗುವುದಿಲ್ಲ ಎಂದದ್ದು ಸುಳ್ಳು, ಉಳಿದ ಹೆಂಗಸರಿಗೆ ಮಾತ್ರೆಯೂ ಇಲ್ಲ ತೊಂದರೆಯೂ ಇಲ್ಲ, ನಾನು ಹೇಳಿ ಹಾಕಿಸಿದ್ದು ಎಂದೆ.

ಅವಳು ಕೈ ನಿಲ್ಲಿಸಿದಳು. "ಇದನ್ನೂ ಬರೀಬೇಕಾ ಅಮ್ಮ? ಎಲ್ಲರಿಗೂ ಕಾಣುತ್ತೆ."

"ಸುಳ್ಳೂ ಎಲ್ರಿಗೂ ಕಂಡೈತಲ್ಲ. ಬರಿ."

ಉತ್ತರ ಅವತ್ತು ಸಂಜೆಯೇ ಬಂತು. ಮೊದಲು ಓರಗಿತ್ತಿ ಹೇಗಿದ್ದಾಳೆ ಎಂದು ಕೇಳಿದ್ದರು. ಆಮೇಲೆ, ಇದೇ ಬೇಕಾಗಿತ್ತು, ನನ್ನ ಫೋನಿನಲ್ಲೂ ಹಾಗೇ ಆಯಿತು, ಸಿಕ್ಕಿತು ಎಂದಿದ್ದರು. ಕರೆಯ ವಿಷಯ ಮೊದಲೇ ತಿಳಿದಿದ್ದರೆ ಒಂದು ಸಂಜೆಯಲ್ಲಿ ಮುಗಿಯುವ ಕೆಲಸವಿದು ಎಂದೂ ಬರೆದಿದ್ದರು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ, ಲೆಕ್ಕ ಚುಕ್ತಾ ಆಗುತ್ತಿತ್ತು. ಅದಕ್ಕೂ ದಾರಿ ಬಿಡಲಿಲ್ಲ ಆ ಮನುಷ್ಯರು.

ಬೂತಿನ ಹತ್ತಿರದ ಹೆಂಗಸರಿಗೆ ವಿಷಯ ಮುಟ್ಟಿತು. ನೀನೇ ಹಾಕಿಸಿ, ನೀನೇ ನಮ್ಮನ್ನು ಸುಳ್ಳಿಯರು ಅಂತ ಬರೆಸಿದೆ ಎಂದರು. ನಿಜವೇ. ಒಬ್ಬಳು ಈಗ ನನ್ನ ಹತ್ತಿರ ಸೊಪ್ಪು ಕೊಳ್ಳುವುದಿಲ್ಲ, ದಾಟಿಕೊಂಡು ಮುಂದಿನವನ ಹತ್ತಿರ ಹೋಗುತ್ತಾಳೆ. ಹೋಗಲಿ.

ಆ್ಯಪ್ ಈಗ ಸರಿಯಾಗಿದೆ. ಅಟ್ಟೂರಿನಿಂದ ಮಗಳ ಫೋನ್ ಬಂದರೂ ಮಾತು ಮುಗಿದ ಕೂಡಲೇ ಒಂದು ಸಲ ಕೂಗುತ್ತದೆ. ಕೂಗುತ್ತದೆ, ಓರಗಿತ್ತಿ ಮಾತ್ರ ನುಂಗುವುದಿಲ್ಲ. ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ನನಗೆ ಫೋನ್ ಮಾಡುತ್ತಾಳೆ.

"ಅಕ್ಕ, ಈಗ ಕೂಗಿದ್ದು ನೀನಾ?"

"ಫೋನ್ ಕಣೇ. ಸರಿಯಾಗೇ ಕೂಗೈತೆ, ನುಂಗು."

"ಅದೂ ನಿನ್ನಂಗೇ ಹೇಳ್ತೈತೆ."

ನನ್ನ ಮುಂದೆ ಗಿರಾಕಿ ದಂಟಿನ ಕಟ್ಟು ಹಿಡಿದು ಕಾಯುತ್ತಿರುತ್ತಾರೆ. ನಾನು ಆ ಕಡೆ ತಿರುಗಿ, "ನಾನೇ ಹೇಳ್ತಿದೀನಿ, ಒಂದೇ ಒಂದು ನುಂಗು" ಎನ್ನುತ್ತೇನೆ. ಆದರೂ ಅವಳು ಕೂಡಲೇ ನುಂಗುವುದಿಲ್ಲ. ನನ್ನ ಮಾತನ್ನು ನಂಬಬಹುದೇ ಎಂದು ಯೋಚಿಸುತ್ತಿದ್ದಾಳೆ ಅಂತ ನನಗೆ ಗೊತ್ತು. ನೀರು ಗುಟುಕರಿಸಿದ್ದು ಕಿವಿಗೆ ಬೀಳುವವರೆಗೂ ನಾನು ಫೋನ್ ಇಡುವುದಿಲ್ಲ.